ಅಪ್ಪ ಎಳೆಯದ ಗೆರೆ

ನಮ್ಮ ಊಟದ ಮೇಜಿನ ಮೇಲೆ ಊಟ ಮಾಡಿದ ನೆನಪು ನನಗಿಲ್ಲ. ಮಾಡಿರಲೇಬೇಕು, ಮೂರು ಜನರ ಸಂಸಾರ ವರ್ಷಗಟ್ಟಲೆ ನಿಂತುಕೊಂಡೇ ಉಂಡಿರಲಾರದು. ಆದರೆ ಪ್ಲೇನ್ಸ್‌ಬರೋದ ಆ ಮಹಡಿ ಮೇಲಿನ ಅಪಾರ್ಟ್‌ಮೆಂಟನ್ನು ನೆನೆಸಿಕೊಂಡಾಗಲೆಲ್ಲ ಮೇಜಿನ ಮೇಲೆ ಕಾಣುವುದು ತಟ್ಟೆಗಳಲ್ಲ, ತಂತಿಗಳು. ಕೆಂಪು ತಂತಿ, ಕಪ್ಪು ತಂತಿ, ಗಾಜಿನ ಮುಖದ ಎರಡು ಮೀಟರುಗಳು, ಸಾಲಾಗಿ ಕೂರಿಸಿದ ದಪ್ಪ ಬ್ಯಾಟರಿ ಸೆಲ್ಲುಗಳು, ನಡುವೆ ಅಂಗೈಯಗಲದ ತೇಗದ ಹಲಗೆ. ಆ ಹಲಗೆಯ ಮೇಲೆ ಅಪ್ಪ ತಾವೇ ಸುತ್ತಿದ ತಂತಿಯ ಸುರುಳಿ, ಸುರುಳಿಯ ಎರಡು ತುದಿಗೆ ಎರಡು ಹಿತ್ತಾಳೆಯ ಸ್ಕ್ರೂ. ಇಷ್ಟು ಸ್ಪಷ್ಟವಾಗಿ ಕಾಣುವ ನೆನಪನ್ನು ನಾನು ಸುಲಭವಾಗಿ ನಂಬುವುದಿಲ್ಲ. ನಾನು ದಿನಚರಿ ಬರೆಯುವವಳು. ಹಿಂದಿನ ವಾರ ಬರೆದದ್ದನ್ನು ಈ ವಾರ ಓದಿದರೂ ಅದರಲ್ಲಿ ನಡೆದದ್ದೆಷ್ಟು, ನಾನು ಒಪ್ಪ ಮಾಡಿದ್ದೆಷ್ಟು ಎಂದು ಅನುಮಾನ ಬರುತ್ತದೆ. ಹೀಗಿರುವಾಗ ಬಾಲ್ಯದ ಬಗ್ಗೆ ಏನು ಹೇಳಲಿ? ಆ ಮೇಜಿಗೆ ಒಂದು ಕಾಲು ಕುಂಟಿತ್ತು, ಅದರಡಿಗೆ ಮಡಿಸಿದ ಕಾಗದ ಇಟ್ಟಿದ್ದರು ಎಂದು ನಾನು ಹೇಳಿದರೆ ಅಮ್ಮ, ಇಲ್ಲವೇ ಇಲ್ಲ, ಕುಂಟುತ್ತಿದ್ದದ್ದು ಮೈಸೂರಿನ ಮನೆಯ ಮೇಜು ಎನ್ನುತ್ತಾಳೆ. ಇರಬಹುದು. ಹಲಗೆ ಮಾತ್ರ ನಿಜ. ಅದು ಈಗಲೂ ನನ್ನ ಹತ್ತಿರ ಇದೆ.

ಅಪ್ಪ ಮೈಸೂರಿನ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟರಾಗಿದ್ದವರು. ಅಮ್ಮ ಕಂಪ್ಯೂಟರ್ ಕಲಿತವಳು. ಅವಳಿಗೆ ಕೆಲಸ ಸಿಕ್ಕಿ ಅವಳ ವೀಸಾದ ಮೇಲೆ ನಾವು ಮೂವರೂ ಈ ದೇಶಕ್ಕೆ ಬಂದೆವು. ನನಗೆ ಆಗ ಇನ್ನೂ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಮಾತಾಡಲು ಬರುತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಅದು ತಿರುಗಿತು. ಅಮ್ಮ ದಿನಾ ದೂರದ ಪಾರ್ಸಿಪನಿಯ ಆಫೀಸಿಗೆ ಕಮ್ಯೂಟ್ ಮಾಡುತ್ತಿದ್ದಳು. ಹೊರಡುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಅಪ್ಪ ಮನೆಯಲ್ಲಿದ್ದರು. ಅವರ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಅವರು ಹುಳಿ ಮಾಡುತ್ತಿದ್ದರು, ಬಟ್ಟೆಯನ್ನು ಕೆಳಗಿನ ಲಾಂಡ್ರಿಗೆ ಹೊತ್ತು ಒಯ್ಯುತ್ತಿದ್ದರು, ನನ್ನನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬರುತ್ತಿದ್ದರು. ಮಿಕ್ಕ ಹೊತ್ತು ಏನು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ; ಮಕ್ಕಳಿಗೆ ತಾವು ಇಲ್ಲದ ಮನೆಯ ಬಗ್ಗೆ ಕುತೂಹಲ ಇರುವುದಿಲ್ಲ. ಇಂಡಿಯನ್ ಗ್ರಾಸರಿಯಲ್ಲಿ ಸಿಗುವ ಆಂಟಿಯರು ಬೆಂಡೆಕಾಯಿ ಮುರಿದು ನೋಡುತ್ತ ಅಮ್ಮನನ್ನು ಕೇಳುವ ಪ್ರಶ್ನೆ ಮಾತ್ರ ಪ್ರತಿ ಸಲವೂ ಒಂದೇ:

“ನಿಮ್ಮೆಜಮಾನ್ರು ಎಲ್ಲಿ ವರ್ಕ್ ಮಾಡೋದು?”

“ಅವರು ಸದ್ಯಕ್ಕೆ ಟ್ರಾನ್ಸಿಷನ್‌ನಲ್ಲಿದಾರೆ.”

ಟ್ರಾನ್ಸಿಷನ್ ಎಂದರೆ ಒಂದು ಊರಿನ ಹೆಸರು ಎಂದು ನಾನು ಬಹಳ ಕಾಲ ತಿಳಿದಿದ್ದೆ ಎಂದು ಮನೆಯಲ್ಲಿ ಹೇಳಿ ನಗುವುದಿತ್ತು. ನಾನು ನಿಜವಾಗಿ ಹಾಗೆ ತಿಳಿದಿದ್ದೆನೋ, ಅಥವಾ ಅವರ ನಗುವನ್ನು ಕೇಳಿ ಕೇಳಿ ನನ್ನ ನೆನಪೆಂದು ಮಾಡಿಕೊಂಡೆನೋ ಹೇಳಲಾರೆ.

ಆ ಸಾಮಾನುಗಳನ್ನು ಅಪ್ಪ ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದರು. ಕಾಲೇಜಿನವರದ್ದಲ್ಲ, ಸ್ವಂತದ್ದು. ಜೊತೆಗೆ ಒಂದು ಬ್ಯಾಟರಿ ಎಲಿಮಿನೇಟರೂ ಬಂದಿತ್ತು, ಗೋಡೆಯ ಕರೆಂಟನ್ನು ತಗ್ಗಿಸಿ ಕೊಡುವ ಡಬ್ಬಿ. ಇಲ್ಲಿನ ಗೋಡೆಯಲ್ಲಿ ಬರುವುದೇ ಅಲ್ಲಿನ ಅರ್ಧ. ಡಬ್ಬಿ ಗುಂಯ್ ಎಂದು ಸುಮ್ಮನಾಗುತ್ತಿತ್ತು. ಅದನ್ನು ಅಲಮಾರಿನಲ್ಲಿಟ್ಟು ಅಪ್ಪ ಸೆಲ್ಲುಗಳನ್ನು ಕೊಂಡು ತಂದರು. ಒಂದು ಸೆಲ್ಲು ಹಾಕಿದರೆ ಸುರುಳಿಯಲ್ಲಿ ಇಷ್ಟು ಕರೆಂಟು ಹರಿಯುತ್ತದೆ, ಎರಡು ಹಾಕಿದರೆ ಅದರ ಎರಡರಷ್ಟು, ಮೂರಕ್ಕೆ ಮೂರರಷ್ಟು. ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡುತ್ತ ಹೋದರೆ ಸೊನ್ನೆಯಿಂದ ಹೊರಟ ಒಂದು ನೇರ ಗೆರೆ ಸಿಗುತ್ತದೆ. ವೋಲ್ಟೇಜಿಗೂ ಕರೆಂಟಿಗೂ ಇರುವ ಸಂಬಂಧ ಇಷ್ಟೇ. ಪ್ರಪಂಚದ ಎಲ್ಲ ಶಾಲೆಗಳಲ್ಲೂ ಮಕ್ಕಳು ಇದನ್ನು ಮಾಡುತ್ತಾರೆ, ಮರೆಯುತ್ತಾರೆ. ನಮ್ಮ ಮನೆಯಲ್ಲಿ ಮರೆಯುವ ಹಾಗಿರಲಿಲ್ಲ. ನನಗೆ ರಜೆ ಬಂದರೆ, ಹೊರಗೆ ಹಿಮ ಬಿದ್ದರೆ, ಅಪ್ಪನಿಗೆ ಬೇಜಾರಾದರೆ ಸಾಮಾನು ಮೇಜಿಗೆ ಬರುತ್ತಿತ್ತು. ಒಂದು ಕಟ್ಟುನಿಟ್ಟಿತ್ತು. ಮೀಟರು ನೋಡಿ, ಅಂಕಿ ಬರೆದುಕೊಂಡ ಕೂಡಲೇ ಕೀ ತೆಗೆಯಬೇಕು. ಕೀ ಎಂದರೆ ಸರ್ಕ್ಯೂಟನ್ನು ಕೂಡಿಸುವ, ಬಿಡಿಸುವ ಹಿತ್ತಾಳೆಯ ಗುಬುಟು.

“ಕೀ ತೆಗಿ, ಬಿಸಿಯಾಗತ್ತೆ. ಬಿಸಿಯಾದ್ರೆ ತಂತಿ ಸುಳ್ಳು ಹೇಳೋಕೆ ಶುರು ಮಾಡತ್ತೆ.”

ಅಡುಗೆಮನೆಯ ಎಲೆಕ್ಟ್ರಿಕ್ ಒಲೆಯ ಕೆಂಪಗೆ ಕಾದ ಬಳೆಗಳನ್ನು ತೋರಿಸಿ, ಇದೂ ಅದೇ ಜಾತಿ, ಆದರೆ ಇದಕ್ಕೆ ಹೊಟ್ಟೆಪಾಡು, ಬಿಸಿಯಾಗಲೇಬೇಕು ಎನ್ನುತ್ತಿದ್ದರು. ಇನ್ನೊಂದು ಕಟ್ಟುನಿಟ್ಟು, ಬರೆದ ಅಂಕಿಯನ್ನು ಅಳಿಸುವಂತಿಲ್ಲ. ಮೈಸೂರಿನಲ್ಲಿ ಹುಡುಗರು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂಕಿಗಳನ್ನು ಹುಟ್ಟಿಸಿಕೊಂಡು ಬರುತ್ತಿದ್ದರಂತೆ. ಅಪ್ಪ ಅದನ್ನು ಹಿಡಿಯುತ್ತಿದ್ದದ್ದು ಹೇಗೆಂದರೆ, ಗೆರೆ ತೀರ ನೇರವಾಗಿರುತ್ತಿತ್ತು. ನಿಜವಾದ ಚುಕ್ಕೆಗಳು ಗೆರೆಯ ಆಚೀಚೆ ಒಂದು ಕೂದಲೆಳೆಯಷ್ಟು ಜಾರಿರುತ್ತವೆ. ಇವತ್ತು ನಾನು ಔಷಧಿ ಪ್ರಯೋಗಗಳ ಅಂಕಿಅಂಶ ನೋಡುವ ಕೆಲಸದಲ್ಲಿದ್ದೇನೆ. ತುಂಬ ಚೊಕ್ಕವಾದ ಕೋಷ್ಟಕ ಕಂಡರೆ ಮೂಲ ಅಂಕಿಗಳನ್ನು ತರಿಸಿ ನೋಡುತ್ತೇನೆ. ಅದು ಓದಿನಿಂದ ಬಂದದ್ದಲ್ಲ, ಆ ಮೇಜಿನಿಂದ ಬಂದದ್ದು.

ಮನೆಯ ಜಗಳಗಳು ಹೆಚ್ಚಾಗಿ ಥರ್ಮೋಸ್ಟಾಟಿನ ಮುಂದೆ ಆಗುತ್ತಿದ್ದವು. ಹಗಲೆಲ್ಲ ಒಬ್ಬರೇ ಇರುವ ಅಪ್ಪ ಹೀಟನ್ನು ತಗ್ಗಿಸಿ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕೂತಿರುತ್ತಿದ್ದರು. ಅಮ್ಮ ಬಂದವಳು ಕೋಟು ಬಿಚ್ಚದೆ ನೇರ ಹೋಗಿ ಅದನ್ನು ಏರಿಸುತ್ತಿದ್ದಳು.

“ನಾನೇನು ಕೇಳಿದ್ನಾ ಹೀಟ್ ಉಳಿಸಿ ಅಂತ?”

“ಒಬ್ನಿಗೋಸ್ಕರ ಮನೇನೆಲ್ಲ ಯಾಕೆ ಕಾಯಿಸ್ಬೇಕು ವಿಮಲಾ?”

“ಹೀಗಂದ್ರೆ ನಾನೇನೋ ನಿಮಗೆ ಲೆಕ್ಕ ಕೇಳ್ದಂಗಿರತ್ತೆ. ಯಾರಾದ್ರೂ ಕೇಳಿಸ್ಕೊಂಡ್ರೆ ಏನಂದ್ಕೋತಾರೆ?”

ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಪಕ್ಕದ ಮನೆಯವರು ತೆಲುಗಿನವರು, ಅವರ ಮನೆಯಲ್ಲೂ ಬಹುಶಃ ಇದೇ ಹೊತ್ತಿಗೆ ಇದೇ ಮಾತು ನಡೆಯುತ್ತಿತ್ತು.

ಅಪ್ಪನಿಗೂ ಕೆಲಸ ಮಾಡಲು ಬಿಡುವ ಗ್ರೀನ್ ಕಾರ್ಡ್ ಬಂದಾಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಅಪ್ಪ ಮೇಷ್ಟರ ಕೆಲಸಕ್ಕೆ ಬೇಕಾದ ಪರೀಕ್ಷೆ ಬರೆದರು, ಪಾಸಾದರು, ಅರ್ಜಿಗಳನ್ನು ಕಳಿಸಿದರು. ಬಹಳ ದಿನ ಯಾರೂ ಕರೆಯಲಿಲ್ಲ. ಆ ವರ್ಷ ಶಾಲೆಗಳು ಶುರುವಾದ ಮೇಲೆ, ಹತ್ತಿರದ ಒಂದು ಹೈಸ್ಕೂಲಿನಲ್ಲಿ ಫಿಸಿಕ್ಸ್ ಟೀಚರ್ ಇದ್ದಕ್ಕಿದ್ದಂತೆ ಕೆಲಸ ಬಿಟ್ಟರು. ಅಪ್ಪನಿಗೆ ಕರೆ ಬಂತು. ಮಾತುಕತೆ ಚೆನ್ನಾಗಿ ಆಯಿತು. ಇನ್ನು ಉಳಿದದ್ದು ಡೆಮೊ ಲೆಸನ್: ನಿಜವಾದ ಮಕ್ಕಳ ಮುಂದೆ, ಹಿಂದಿನ ಬೆಂಚಿನಲ್ಲಿ ಕೂತ ಸೂಪರ್‌ವೈಸರ್ ಕಣ್ಣೆದುರು ಒಂದು ಪೀರಿಯಡ್ ಪಾಠ. ವಿಷಯವನ್ನು ಅವರೇ ಕೊಟ್ಟರು. ಸರಳ ಸರ್ಕ್ಯೂಟಿನಲ್ಲಿ ವೋಲ್ಟೇಜಿಗೂ ಕರೆಂಟಿಗೂ ಏನು ಸಂಬಂಧ ಎಂದು ಮಕ್ಕಳೇ ಕಂಡುಕೊಳ್ಳುವಂತೆ ಮಾಡಬೇಕು. ಫೋನಿಟ್ಟ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಹೇಳಿದಾಗ ಅಮ್ಮ ಸೌಟು ಹಿಡಿದುಕೊಂಡೇ ನಕ್ಕುಬಿಟ್ಟಳು. ಈ ನಗು ನನಗೆ ಖಂಡಿತ ನೆನಪಿದೆ, ಏಕೆಂದರೆ ಹಾಗೆ ನಕ್ಕದ್ದು ಅಪರೂಪ. ಲಾಟರಿಯವರು ಬಂದು, ನಿಮ್ಮ ಸ್ವಂತ ಹೆಸರೇನೆಂದು ಹೇಳಿ, ಬಹುಮಾನ ಕೊಡುತ್ತೇವೆ ಎಂದ ಹಾಗಿತ್ತು.

ಶಾಲೆಯವರು ತಮ್ಮಲ್ಲೇ ಸಾಮಾನಿದೆ ಎಂದಿದ್ದರು. ಅಪ್ಪ ಒಪ್ಪಲಿಲ್ಲ. ಅಲ್ಲಿ ಎಲ್ಲ ಕಂಪ್ಯೂಟರಿಗೆ ಸಿಕ್ಕಿಸುವಂಥದ್ದು, ಗೆರೆಯನ್ನು ಅದೇ ಎಳೆದುಕೊಡುತ್ತದೆ, ಮಕ್ಕಳು ಸೂಜಿ ಏಳುವುದನ್ನು ಕಣ್ಣಾರೆ ನೋಡಬೇಡವೇ ಎಂದರು. ಸುಮಾರು ಎರಡು ವಾರ ನಮ್ಮ ಮನೆಯೇ ಕ್ಲಾಸ್‌ರೂಮ್. ಸೋಫಾದ ಮೇಲೆ ನಾನು ಮತ್ತು ಅಮ್ಮ ವಿದ್ಯಾರ್ಥಿಗಳು. ಅಮ್ಮ ಎಷ್ಟು ಸುಸ್ತಾಗಿ ಬಂದಿದ್ದರೂ ಕೂರುತ್ತಿದ್ದಳು, ಮತ್ತು ಕೆಟ್ಟ ವಿದ್ಯಾರ್ಥಿನಿಯಾಗಿ ಕೂರುತ್ತಿದ್ದಳು.

“ಸರ್, ನಂಗೆ ಬಾತ್‌ರೂಮಿಗೆ ಹೋಗ್ಬೇಕು.”

“ಇಂಗ್ಲಿಷಲ್ಲಿ ಕೇಳು.”

“ಸರ್, ಮೇ ಐ ಗೋ ಟು ದಿ ಬಾತ್‌ರೂಮ್? ನಿಮ್ಮ ಪಾಠ ಬೋರ್ ಆಗ್ತಿದೆ.”

“ಅಪ್ಪಾ, ನೋ ಒನ್ ಕಾಲ್ಸ್ ದ ಟೀಚರ್ ಸರ್,” ನಾನು ಹೇಳಿದೆ. “ಆಂಡ್ ಯುವರ್ ವೋಲ್ಟ್ ಈಸ್ ರಾಂಗ್. ಕೆಳತುಟಿ ಹಲ್ಲಿಗೆ ತಾಗ್ಬೇಕು. ನೋಡು, ಹೀಗೆ.”

ಅಪ್ಪ ಕನ್ನಡಿಯ ಮುಂದೆ ನಿಂತು ಕೆಳತುಟಿಯನ್ನು ಹಲ್ಲಿಗೆ ತಾಗಿಸಿ, ವೋಲ್ಟ್, ವೋಲ್ಟೇಜ್, ವೋಲ್ಟ್‌ಮೀಟರ್ ಎಂದು ಅಭ್ಯಾಸ ಮಾಡಿದರು. ಅಮ್ಮ ಹಿಂದಿನಿಂದ, “ಮೊಲ ಕ್ಯಾರೆಟ್ ತಿಂದಂಗಿದೆ” ಎಂದಳು. ಅವರಿಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಚುಕ್ಕೆಗಳು ಪ್ರತಿ ಸಲವೂ ಗೆರೆಯ ಮೇಲೆ ಬಂದು ಕೂರುತ್ತಿದ್ದವು, ಕೂದಲೆಳೆಯಷ್ಟು ಆಚೀಚೆ. ಆ ಎರಡು ವಾರ ಯಾರೂ ಥರ್ಮೋಸ್ಟಾಟ್ ಮುಟ್ಟಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಅಕ್ಟೋಬರ್ ತಿಂಗಳಾದ್ದರಿಂದ ಇನ್ನೂ ಅಷ್ಟು ಚಳಿಯೇ ಇರಲಿಲ್ಲ ಎಂಬುದೂ ಕಾರಣವಿರಬಹುದು.

ಡೆಮೊ ಬಿದ್ದದ್ದು ವಿಜಯದಶಮಿಯ ದಿನ. ಅದರ ಹಿಂದಿನ ದಿನ ಆಯುಧಪೂಜೆ. ಅಮ್ಮ ರಜೆ ಹಾಕಿದ್ದಳು. ಬೆಳಗ್ಗೆ ಪಾರ್ಕಿಂಗ್ ಲಾಟಿನಲ್ಲಿ ಕಾರಿಗೆ ಹೂವಿಟ್ಟು ಚಕ್ರದಡಿ ನಿಂಬೆಹಣ್ಣು ಇರಿಸಿ ಒಂದು ಗಜ ಮುಂದಕ್ಕೆ ಓಡಿಸಿದ್ದಾಯಿತು. ಒಳಗೆ ಮಣೆಯ ಮೇಲೆ ಹಾಸಿದ ಹೊಸ ಟವೆಲ್ಲಿನ ಮೇಲೆ ಮನೆಯ ಆಯುಧಗಳೆಲ್ಲ ಕೂತವು: ಅಡುಗೆಮನೆಯ ಚಾಕು, ಕತ್ತರಿ, ನನ್ನ ಕ್ಯಾಲ್ಕ್ಯುಲೇಟರ್, ಅಮ್ಮನ ಆಫೀಸಿನ ಲ್ಯಾಪ್‌ಟಾಪ್, ಅಪ್ಪನ ಎರಡು ಮೀಟರುಗಳು, ಕೀ, ಸುರುಳಿಯ ಹಲಗೆ. ಅಮ್ಮ ಮೈಸೂರಿನಿಂದ ತಂದಿದ್ದ ಸಾಣೆಕಲ್ಲಿನ ಮೇಲೆ ಗಂಧ ತೇದಿದ್ದಳು. ಲ್ಯಾಪ್‌ಟಾಪು ಕಂಪನಿಯದ್ದು, ಅದಕ್ಕೆ ಒರೆಸಿದರೆ ಹೋಗುವಂತೆ ಮೂಲೆಯಲ್ಲಿ ಸಣ್ಣದೊಂದು ಬೊಟ್ಟು. ಹಲಗೆಗೆ ಮಾತ್ರ ಕೈತುಂಬ. ಪ್ರತಿ ವರ್ಷ ಮರದ ಮೇಲೊಂದು ಬೊಟ್ಟಿಟ್ಟು ಬಿಡುತ್ತಿದ್ದವಳು ಆ ವರ್ಷ ಸುರುಳಿಯ ಎರಡು ಕಡೆ, ಹಿತ್ತಾಳೆಯ ಸ್ಕ್ರೂಗಳಿಗೂ ಗಂಧ ಹಚ್ಚಿ ಅದರ ಮೇಲೆ ಕುಂಕುಮ ಇಟ್ಟಳು. ಅವು ಹೊಳೆಯುತ್ತಿದ್ದವು, ದೇವರ ಮನೆಯ ದೀಪದ ಕಂಬದ ಹಾಗೆ ಕಾಣುತ್ತಿದ್ದವು, ಅದಕ್ಕಿರಬೇಕು. ಅಪ್ಪ ತಂತಿಗಳನ್ನು ಬಿಚ್ಚಿಡುವಾಗ ಸ್ಕ್ರೂಗಳನ್ನು ಸಡಿಲ ಮಾಡಿದ್ದರು. ಇದೆಲ್ಲ ನಾನು ಆಗ ಗಮನಿಸಿದೆನೇ? ಗೊತ್ತಿಲ್ಲ. ಬೊಟ್ಟುಗಳನ್ನು ನೋಡಿದ್ದೆ. ಸಡಿಲವಾಗಿದ್ದದ್ದು ಆಮೇಲೆ ಕೂಡಿಸಿಕೊಂಡದ್ದು.

ಸಂಜೆ ಅಪ್ಪ ಮಣೆಯ ಹತ್ತಿರ ಬಂದು ನಿಂತರು.

“ಒಂದ್ಸಲ ಕನೆಕ್ಟ್ ಮಾಡಿ ನೋಡ್ಕೊಂಡ್ಬಿಡ್ತೀನಿ ವಿಮಲಾ. ನಾಳೆ ಬೆಳಗ್ಗೇನೇ ಹೊರಡ್ಬೇಕು.”

“ಪೂಜೆಗಿಟ್ಟಿದೀನಿ ರೀ. ಇವತ್ತು ಮುಟ್ಟಬಾರದು.”

“ಐದು ನಿಮಿಷ ಅಷ್ಟೆ.”

“ಎರಡು ವಾರದಿಂದ ನೋಡಿಲ್ವಾ? ಅದಕ್ಕೂ ಒಂದು ದಿನ ರೆಸ್ಟ್ ಬೇಡ್ವಾ? ಇದೊಂದು ನನ್ನ ಮಾತು ಕೇಳಿ.”

ಅಪ್ಪ ಅಂಥ ಪೂಜೆಯವರಲ್ಲ. ಆದರೂ ಕೈ ಹಿಂದೆ ಕಟ್ಟಿಕೊಂಡು ಸ್ವಲ್ಪ ಹೊತ್ತು ನಿಂತಿದ್ದು, “ಆಯ್ತು, ಮಹರಾಯ್ತಿ” ಎಂದು ಹೋಗಿ ಟೀವಿ ಹಾಕಿದರು. ಬೆಳಗ್ಗೆ ಎಲ್ಲವನ್ನೂ ಪೆಟ್ಟಿಗೆಗೆ ತುಂಬುವಾಗ ಮೀಟರಿನ ಗಾಜಿನ ಮೇಲಿನ ಕುಂಕುಮವನ್ನು ಕರ್ಚೀಫಿನಿಂದ ಒರೆಸಿಕೊಂಡರು. ಹಲಗೆಯ ಮೇಲೆ ಕಣ್ಣಿಗೆ ಕಂಡಷ್ಟನ್ನೂ ಒರೆಸಿರಬೇಕು.

ಆ ಕ್ಲಾಸಿನಲ್ಲಿ ನಾನಿರಲಿಲ್ಲ. ಅಲ್ಲಿ ಆದದ್ದು ನನಗೆ ಗೊತ್ತಿರುವುದು ಆ ಸಂಜೆ ಅಪ್ಪ ಅನ್ನ ಕಲಸುತ್ತ ಹೇಳಿದ ನಾಲ್ಕು ಮಾತಿನಿಂದ, ಮತ್ತು ಆಮೇಲೆ ನಾನು ಅದಕ್ಕೆ ಕಟ್ಟಿಕೊಂಡ ಗೋಡೆ, ಕಿಟಕಿ, ಬೆಂಚುಗಳಿಂದ. ಮಕ್ಕಳು ಒಳ್ಳೆಯವರಂತೆ. ಮೊದಲ ಸೆಲ್ಲು ಹಾಕಿ ಕೀ ಕೂರಿಸಿದಾಗ ಸೂಜಿ ಎದ್ದಿತು, ಆದರೆ ನಿಲ್ಲಲಿಲ್ಲ, ನಡುಗಿತು. ಎರಡನೆಯದು ಹಾಕಿದಾಗ ಎರಡರಷ್ಟಾಗಲಿಲ್ಲ. ಮೂರನೆಯದಕ್ಕೆ ಏರುವ ಬದಲು ತಗ್ಗಿತು, ನಾಲ್ಕನೆಯದಕ್ಕೆ ಹಾರಿತು. ಅಪ್ಪ ಬೋರ್ಡಿನ ಮೇಲೆ ಚುಕ್ಕೆಗಳನ್ನು ಬಂದದ್ದು ಬಂದ ಹಾಗೆ ಇಟ್ಟರು. ಯಾವ ಗೆರೆಗೂ ಸೇರದೆ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, ಪಾಪ ಸಹಾಯ ಮಾಡಲೆಂದೇ, “ಇಟ್ಸ್ ಓಕೆ, ಜಸ್ಟ್ ಡ್ರಾ ದ ಲೈನ್, ವಿ ನೋ ಇಟ್ಸ್ ಸ್ಟ್ರೇಟ್” ಎಂದಳಂತೆ. ಅಪ್ಪ ಎಳೆಯಲಿಲ್ಲ. ತಿರುಗಿ ನಿಂತು ತಪ್ಪು ಹುಡುಕತೊಡಗಿದರು. ಸೆಲ್ಲುಗಳನ್ನು ಬದಲಿಸಿದರು, ತಂತಿಗಳನ್ನು ಬದಲಿಸಿದರು, ಮೀಟರುಗಳನ್ನು ಬಿಚ್ಚಿ ಮತ್ತೆ ಜೋಡಿಸಿ ನೋಡಿದರು. ಅಂಗಡಿಯಿಂದ ತಂದದ್ದನ್ನೆಲ್ಲ ಅನುಮಾನಿಸಿದರು. ತಮ್ಮ ಕೈಯಿಂದಲೇ ಸುತ್ತಿದ ಸುರುಳಿಯನ್ನು ಮಾತ್ರ ಅನುಮಾನಿಸಲಿಲ್ಲ. ಮಕ್ಕಳಿಗೆ ಬೆನ್ನು ತೋರಿಸಿ, ಒಂದು ಮಾತೂ ಆಡದೆ, ಗಂಟೆ ಬಾರಿಸುವವರೆಗೂ.

“ಅಯ್ಯೋ, ಒಂದು ಗೆರೆ ತಾನೆ?” ಅಮ್ಮ ಕೇಳಿದಳು. “ಎಳೆದು, ಇದು ಹೀಗ್ಬರ್ಬೇಕು ಅಂತ ಹೇಳಿ ಮುಂದಕ್ಕೆ ಹೋಗೋಕೇನಾಗಿತ್ತು?”

“ಚುಕ್ಕೆ ಇಲ್ದಿರೋ ಕಡೆ ಹೇಗೆ ಎಳೀಲಿ?”

“ಅವರು ನೋಡೋಕೆ ಬಂದಿದ್ದು ನಿಮ್ಮನ್ನ, ಗೆರೇನಲ್ಲ.”

ಅಪ್ಪ ತಟ್ಟೆ ಎತ್ತಿಕೊಂಡು ಎದ್ದರು. ಆ ವಾರವಿಡೀ ಪೆಟ್ಟಿಗೆ ಮುಂಬಾಗಿಲ ಹತ್ತಿರ ಬೂಟುಗಳ ಪಕ್ಕದಲ್ಲೇ ಇತ್ತು.

ಶನಿವಾರ ಮಧ್ಯಾಹ್ನ ಅಪ್ಪ ಅದನ್ನು ಮೇಜಿನ ಮೇಲೆ ಬಿಚ್ಚಿದರು. ಅಮ್ಮ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಫೀಸಿನ ಕಾಲ್‌ನಲ್ಲಿದ್ದಳು. ನಾನು ಕಾರ್ಪೆಟ್ಟಿನ ಮೇಲೆ ಹೋಮ್‌ವರ್ಕ್ ಹರಡಿಕೊಂಡಿದ್ದೆ. ಅಪ್ಪ ಒಂದೊಂದನ್ನೇ ಜೋಡಿಸಿ, ಬಿಚ್ಚಿ, ಜೋಡಿಸಿ, ಕೊನೆಗೆ ಹಲಗೆಯ ಹಿತ್ತಾಳೆ ಸ್ಕ್ರೂವನ್ನು ಪೂರ್ತಿ ತಿರುಗಿಸಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು. ಆಮೇಲೆ ಟಿಶ್ಯೂ ತೆಗೆದುಕೊಂಡು, ಸೇಫ್ಟಿಪಿನ್ನಿನಿಂದ ಅದರ ಮೈಮೇಲಿನ ಸುತ್ತುಗೀರುಗಳ ಸಂದಿಯನ್ನು ಕೆರೆಯತೊಡಗಿದರು. ಏನೋ ಹುಡಿಹುಡಿಯಾಗಿ ಟಿಶ್ಯೂ ಮೇಲೆ ಉದುರಿತು.

“ವಾಟ್ಸ್ ದಟ್, ಅಪ್ಪಾ?”

“ಕಿಲುಬು.”

ಕಿಲುಬು ಹಸಿರಾಗಿರುತ್ತದೆ. ಅದು ಹಸಿರಾಗಿರಲಿಲ್ಲ. ಒಂದು ಪರಿಮಳವೂ ಇತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಪರಿಮಳವನ್ನು ನಾನು ಆಮೇಲೆ ಸೇರಿಸಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಅಪ್ಪ ಎರಡೂ ಸ್ಕ್ರೂ ಕೆರೆದು, ಮರಳುಕಾಗದದಿಂದ ತಿಕ್ಕಿ, ಬಿಗಿಯಾಗಿ ಕೂರಿಸಿ, ಮತ್ತೆ ಸೆಲ್ಲು ಜೋಡಿಸಿ ಕೀ ಹಾಕಿದರು. ಸೂಜಿ ಎದ್ದು ನಿಂತಿತು. ಅಂಕಿ ಬರೆದುಕೊಳ್ಳಲಿಲ್ಲ, ಚುಕ್ಕೆ ಇಡಲಿಲ್ಲ. ಸುಮ್ಮನೆ ನೋಡಿ ಕೀ ತೆಗೆದರು. ಅಮ್ಮನನ್ನು ಕರೆದು ತೋರಿಸುತ್ತಾರೆ ಎಂದು ನಾನು ಕಾದೆ. ಅವರು ಟಿಶ್ಯೂವನ್ನು ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ ಮಡಿಸಿ ಅಡುಗೆಮನೆಯ ಕಸದ ಬುಟ್ಟಿಯೊಳಗೆ ಹಾಕಿ, ಕೈ ತೊಳೆದು, ಅಕ್ಕಿ ತೊಳೆಯಲು ನಿಂತರು.

ಭಾನುವಾರದ ಜಗಳಕ್ಕೆ ನೆಪ ಥರ್ಮೋಸ್ಟಾಟೇ ಇರಬೇಕು. ಶಾಲೆಯವರು ಬೇರೊಬ್ಬರನ್ನು ತೆಗೆದುಕೊಂಡರೆಂದು ಶುಕ್ರವಾರವೇ ಫೋನ್ ಬಂದಿತ್ತು, ಅಪ್ಪ ಅದನ್ನು ಹೇಳಿದ್ದು ಭಾನುವಾರ ಸಂಜೆ. ಅಮ್ಮ ಅತ್ತಳು, ಆಮೇಲೆ ಕೂಗಾಡಿದಳು. ವರ್ಷಗಳಿಂದ ಎರಡು ಹೊತ್ತು ಕತ್ತಲಲ್ಲಿ ಡ್ರೈವ್ ಮಾಡಿದ್ದೆಲ್ಲ ಹೊರಗೆ ಬಂತು.

“ಅವರ ಸಾಮಾನು ತಗೊಳ್ಳಿ ಅಂತ ಅಂದೆ. ಕೇಳಿದ್ರಾ? ನಿಮ್ಮ ಹಳೇ ಸುರುಳಿ, ನಿಮ್ಮ ಹಳೇ ಹಟ. ಇಲ್ಲಿ ನಿಮ್ಮ ಕೈಲಾಗಲ್ಲ ಅಂತ ಒಪ್ಕೊಂಡ್ಬಿಡಿ ರೀ. ಒಂದ್ಸಲ ಒಪ್ಕೊಂಡ್ಬಿಡಿ, ನಾನೂ ಕಾಯೋದು ಬಿಡ್ತೀನಿ.”

ಅಪ್ಪ ನಲ್ಲಿಯ ಹತ್ತಿರ ನಿಂತಿದ್ದರು. ತಿರುಗಿ ನೋಡಲಿಲ್ಲ.

“ಆಯ್ತು,” ಎಂದರು. “ನನ್ನ ಕೈಲಾಗಲ್ಲ.”

ಅಮ್ಮ ಆ ಉತ್ತರವನ್ನು ನಿರೀಕ್ಷಿಸಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಸದ ಚೀಲವನ್ನು ಕಿತ್ತುಕೊಂಡು, ಚಪ್ಪಲಿ ಮೆಟ್ಟಿ, ಕೆಳಗೆ ಡಂಪ್‌ಸ್ಟರಿಗೆ ಹಾಕಲು ಹೋದಳು. ಅದು ಯಾವಾಗಲೂ ಅಪ್ಪನ ಕೆಲಸ. ಬಹಳ ತಡವಾಗಿ ಬಂದಳು. ಬಂದು ಯಾರ ಹತ್ತಿರವೂ ಮಾತಾಡದೆ ಮಲಗಿದಳು. ನನಗೆ ಅವಳು ಇನ್ನೂ ಕೋಪದಲ್ಲಿದ್ದಾಳೆ ಅನ್ನಿಸಿತ್ತು.

ಅಪ್ಪ ಮತ್ತೆ ಅರ್ಜಿ ಹಾಕಲಿಲ್ಲ. ಹಾಕಬಹುದಿತ್ತು. ಆಗ ನನಗೆ ಅದು ಸೋಮಾರಿತನದಂತೆಯೂ ಕಾಲೇಜಿಗೆ ಹೋದ ಮೇಲೆ ಅಹಂಕಾರದಂತೆಯೂ ಕಂಡಿತು. ಅವರು ಈಸ್ಟ್ ಬ್ರನ್ಸ್‌ವಿಕ್ ಕಡೆಯ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲಿನ ಚೀಟಿ ಸರಿಯಿದೆಯೇ ಎಂದು ನೋಡುವ ಕೆಲಸಕ್ಕೆ ಸೇರಿದರು, ನಿವೃತ್ತಿಯವರೆಗೂ ಅಲ್ಲೇ ಇದ್ದರು. ಪರಿಚಯದವರ ಮಕ್ಕಳಿಗೆ ಪಾಠ ಹೇಳಿಕೊಡಿ ಎಂದು ಕೇಳಿದರೆ, ನನಗೆ ಮರೆತುಹೋಗಿದೆ ಎನ್ನುತ್ತಿದ್ದರು. ಸಾಮಾನು ಮೇಜಿಗೆ ಬರುವುದು ನಿಂತಿತು. ಪ್ರತಿ ಆಯುಧಪೂಜೆಗೆ ಮುಂಚೆ ಸುರುಳಿಯ ಹಲಗೆ ಕಾಣದಾಗುತ್ತಿತ್ತು.

“ಅದೆಲ್ಲಿಟ್ರಿ?”

“ಎಲ್ಲೋ ಇದೆ. ಬಿಡು, ಆಯುಧ ಅಲ್ಲ ಈಗ ಅದು.”

ಅಮ್ಮ ಒತ್ತಾಯ ಮಾಡುತ್ತಿರಲಿಲ್ಲ. ಒತ್ತಾಯ ಅವಳ ಸ್ವಭಾವವಾಗಿತ್ತು, ಆದರೆ ಈ ಒಂದು ವಿಷಯದಲ್ಲಿ ಕೇಳಿ ಸುಮ್ಮನಾಗುತ್ತಿದ್ದಳು. ಆ ಭಾನುವಾರದ ನಂತರ ಅವಳು ಥರ್ಮೋಸ್ಟಾಟನ್ನೂ ಮುಟ್ಟಲಿಲ್ಲ. ಕೋಟು ಹಾಕಿಕೊಂಡೇ ಅಡುಗೆ ಮಾಡುತ್ತಿದ್ದಳು. ಮನೆ ತಣ್ಣಗಾಗಿ, ಮರ್ಯಾದೆಯದ್ದಾಯಿತು. ಇಬ್ಬರೂ ಒಬ್ಬರಿಗೊಬ್ಬರು ಕಾಫಿ ತಂದು ಕೊಡುತ್ತಿದ್ದರು, ದಾರಿಯಲ್ಲಿ ಎದುರಾದರೆ ಗೋಡೆಗೆ ಸರಿದು ಜಾಗ ಬಿಡುತ್ತಿದ್ದರು. ನಾನು ಬೆಳೆದದ್ದು ಆ ಮನೆಯಲ್ಲಿ. ಕೂಗಾಟಕ್ಕಿಂತ ಆ ಮರ್ಯಾದೆಗೆ ನನಗೆ ಈಗಲೂ ಹೆಚ್ಚು ಹೆದರಿಕೆ.

ಅಪ್ಪ ಹೋದದ್ದು ಕಳೆದ ಚಳಿಗಾಲದಲ್ಲಿ. ಅಮ್ಮ ಈಗ ನನ್ನ ಜೊತೆ ಇದ್ದಾಳೆ. ಅವರ ಕ್ಲಾಸೆಟ್ ಖಾಲಿ ಮಾಡುವಾಗ, ಮಡಿಸಿಟ್ಟ ಉಣ್ಣೆ ಬಟ್ಟೆಗಳ ಹಿಂದೆ ಆ ಪೆಟ್ಟಿಗೆ ಸಿಕ್ಕಿತು. ಅದನ್ನು ತಂದಿಟ್ಟುಕೊಂಡೆ, ಬಿಚ್ಚಿರಲಿಲ್ಲ. ಈ ವರ್ಷದ ಆಯುಧಪೂಜೆಯ ಬೆಳಗ್ಗೆ ಅಮ್ಮ, ನನ್ನ ಲ್ಯಾಪ್‌ಟಾಪು, ಕಾರಿನ ಕೀಲಿ, ಚಾಕು ಎಲ್ಲ ಜೋಡಿಸಿಕೊಂಡವಳು, ಅದನ್ನೂ ತಾ ಎಂದಳು. ಯಾವುದನ್ನು ಎಂದು ನಾನು ಕೇಳಬೇಕಾಗಲಿಲ್ಲ. ಅವಳಿಗೆ ಕಣ್ಣು ಈಗ ಮಂಜು. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ತಡವಿ ಸುರುಳಿ ಯಾವುದು, ಸ್ಕ್ರೂ ಯಾವುದು ನೋಡಿಕೊಂಡಳು. ಎಡಗೈಯ ಹೆಬ್ಬೆರಳನ್ನು ಒಂದು ಸ್ಕ್ರೂವಿನ ಮೇಲೆ, ಕಿರುಬೆರಳನ್ನು ಇನ್ನೊಂದರ ಮೇಲೆ ಮುಚ್ಚಿದಂತೆ ಇಟ್ಟಳು. ಆಮೇಲೆ ಬಲಗೈಯಿಂದ ಗಂಧ ತೆಗೆದು, ಹಿತ್ತಾಳೆಯಿಂದ ಆದಷ್ಟು ದೂರ, ಮರದ ತೀರ ಅಂಚಿನಲ್ಲಿ ಒಂದು ಬೊಟ್ಟಿಟ್ಟಳು.

ಅದನ್ನು ನೋಡಿದಾಗ ನನಗೆ ಆ ಶನಿವಾರದ ಕಿಲುಬು ಏನೆಂದು ತಿಳಿಯಿತು. ಒಮ್ಮೆಗೇ ತಿಳಿಯಿತು ಎಂದರೆ ಸುಳ್ಳಾಗುತ್ತದೆ. ಎಲ್ಲೋ ಗೊತ್ತಿದ್ದಿರಬೇಕು, ನೋಡಲು ಹೋಗಿರ‍ಲಿಲ್ಲ.

“ಸ್ಕ್ರೂಗೆ ಬೇಡ್ವಾ ಅಮ್ಮ?”

“ಬೇಡ. ಒಳಗೆ ಕೂತ್ಕೊಂಡು ಒಣಗಿಬಿಡತ್ತೆ. ಆಮೇಲೆ ಕರೆಂಟು ಸರಿಯಾಗಿ ಹೋಗಲ್ಲ.”

“ಅಪ್ಪ ಹೇಳಿದ್ರಾ?”

“ಅವರೆಲ್ಲಿ ಹೇಳ್ತಾರೆ!” ಅಮ್ಮ ಕೈಯನ್ನು ಸ್ಕ್ರೂಗಳ ಮೇಲಿಂದ ತೆಗೆದಿರಲಿಲ್ಲ. “ಅವತ್ತು ಕಸ ಹಾಕಕ್ಕೆ ಹೋದ್ನಲ್ಲ, ಚೀಲ ಹರಿದುಹೋಯ್ತು. ಎಲ್ಲ ಬಳಿಯುವಾಗ ಆ ಟಿಶ್ಯೂ ಕೈಗೆ ಬಂತು. ಅಷ್ಟು ಚಿಕ್ಕದಾಗಿ ಮಡಿಸಿದಾರೆ, ಏನಿದು ಅಂತ ಬಿಚ್ಚಿದೆ. ನಾನೇ ತೇದಿದ್ದ ಗಂಧ ನಂಗೆ ಗೊತ್ತಾಗಲ್ವೇನೇ?”

“ಮತ್ತೆ ಅವರಿಗೆ ಹಾಗಂದಿದ್ದು... ಕೈಲಾಗಲ್ಲ ಅಂತ?”

“ಅದಕ್ಕೆ ಮುಂಚೆ. ಅಂದಾಗಿತ್ತು. ಅವರೂ ಆಯ್ತು ಅಂದಾಗಿತ್ತು.”

“ನಂಗೆ ಗೊತ್ತು ಅಂತ ಒಂದ್ಸಲಾನೂ ಹೇಳ್ಲಿಲ್ವಾ?”

“ನಂಗೆ ಗೊತ್ತಾಗ್ಬಾರ್ದು ಅಂತ ಎಷ್ಟು ಜೋಪಾನ ಮಾಡ್ತಿದ್ರು ನೋಡಿದ್ಯಲ್ಲ ನೀನು. ವರ್ಷಾ ವರ್ಷಾ ಬಚ್ಚಿಡೋರು. ಅದೊಂದು ಉಳಿದಿತ್ತು ಅವರ ಹತ್ರ. ಅದನ್ನೂ ನಾನೇ ಕೆಡಿಸ್ಬೇಕಿತ್ತಾ?”

ಹೇಳಿದ್ದರೆ ಅಪ್ಪ ಮತ್ತೆ ಒಂದು ಕ್ಲಾಸಿನ ಮುಂದೆ ನಿಲ್ಲುತ್ತಿದ್ದರೇನೋ. ಅಥವಾ ಅವಳಿಗೆ ಗೊತ್ತಾಯಿತು ಎಂಬುದೇ ಅವರನ್ನು ಇನ್ನಷ್ಟು ಕುಗ್ಗಿಸುತ್ತಿತ್ತೇನೋ. ಈ ಪ್ರಶ್ನೆಗೆ ಚುಕ್ಕೆಗಳೇ ಇಲ್ಲ. ನಾನು ಮೀಟರುಗಳನ್ನು ಪೆಟ್ಟಿಗೆಯಿಂದ ತೆಗೆದು ಮಣೆಯ ಮೇಲಿಡುತ್ತಿದ್ದೆ. ತಂತಿಗಳು ಕೈಗೆ ಬಂದವು. ಟೀವಿ ರಿಮೋಟು, ಟಾರ್ಚುಗಳಿಗೆಂದು ಮನೆಯಲ್ಲಿ ಸೆಲ್ಲುಗಳಿದ್ದವು. ನನ್ನ ಕೈ ಆ ಕಡೆ ಹೋದದ್ದು ಅಮ್ಮನಿಗೆ ಹೇಗೋ ಕೇಳಿಸಿತು.

“ಇವತ್ತು ಮುಟ್ಟಬಾರದು ಕಣೇ,” ಎಂದಳು.

ದೀಪದ ಬತ್ತಿಯನ್ನು ಸುಮ್ಮಸುಮ್ಮನೆ ಮುಂದಕ್ಕೆ ತಳ್ಳಿದಳು. ಸೆರಗಿನಿಂದ ಬೆರಳು ಒರೆಸಿಕೊಂಡಳು.

“ಮುಟ್ಟು. ಪರವಾಗಿಲ್ಲ. ಒಂದ್ಸಲ ನೋಡ್ಬಿಡು.”

ನಾನು ಕಾರ್ಪೆಟ್ಟಿನ ಮೇಲೆ, ಹೂವು ಕುಂಕುಮಗಳ ನಡುವೆಯೇ ತಂತಿಗಳನ್ನು ಜೋಡಿಸಿದೆ. ಸ್ಕ್ರೂ ಬಿಗಿದೆ. ಕೀ ಹಾಕಿದೆ. ಸೂಜಿ ಎದ್ದಿತು. ಅಮ್ಮ ಮೀಟರಿನ ಕಡೆ ಮುಖ ಮಾಡಿದ್ದಳು, ಆದರೆ ಅಷ್ಟು ಸಣ್ಣದು ಅವಳಿಗೆ ಕಾಣುವುದಿಲ್ಲ.

“ನಿಂತಿದ್ಯಾ?”

“ನಿಂತಿದೆ.”

“ನಡುಗ್ತಿಲ್ವಾ?”

“ಇಲ್ಲಮ್ಮ.”

ಅವಳು ತಲೆಯಾಡಿಸಿದಳು. ನಾನು ಇನ್ನೂ ನೋಡುತ್ತಲೇ ಇದ್ದೆ.

“ಸಾಕು, ಕೀ ತೆಗಿ,” ಎಂದಳು ಅಮ್ಮ. “ಬಿಸಿಯಾಗತ್ತೆ.”